ಅಮಾಸಿ ದಿನ ಬಿಗಿಯದ ಬೋಲ್ಟು

ಶಹಾಪುರದಿಂದ ಸುರಪುರಕ್ಕ ಹೋಗೋ ರಸ್ತೆದಾಗ, ಕಾಲುವಿ ಸೇತುವಿ ದಾಟಿದ ಕೂಡ್ಲೆ ಎಡಗಡಿ ಒಂದು ತಗಡಿನ ಶೆಡ್ಡು ಇತ್ತು. ಅದು ಅಮಾತೆಪ್ಪಂದು. ಬೋರ್ಡಿಲ್ಲ, ಕರೆಂಟಿಲ್ಲ, ಮಷಿನ್ ಅನ್ನೋದಂತೂ ಹೆಸರಿಗೂ ಇಲ್ಲ. ಆದ್ರ ಸುತ್ತಲಿನ ಹತ್ತು ಹಳ್ಳಿಯೊಳಗ ಯಾರದಾದ್ರೂ ಟ್ರಾಲಿದು, ನೇಗಿಲದು, ನೀರೆತ್ತೋ ಇಂಜಿನ್ನಿಂದು ಬೋಲ್ಟಿನ ತೂತು ಸವೆದು, ಬೋಲ್ಟು ಎಷ್ಟು ತಿರುವಿದ್ರೂ ಹಿಡೀದ ಸುಮ್ಮನ ಗರಗರ ತಿರಗಾಕತ್ತಿತಂದ್ರ, ಅವರು ಸೀದಾ ಈ ಶೆಡ್ಡಿಗೇ ಬರ್ತಿದ್ರು. ಈ ಕೆಲಸದಾಗ ಅಮಾತೆಪ್ಪನ್ನ ಮೀರಸವ್ರು ಯಾದಗಿರಿ ತನಕ ಯಾರೂ ಇರಲಿಲ್ಲ. ಇದ್ರು ಅಂತ ಯಾರಾದ್ರೂ ಅಂದ್ರ ನಾ ಜಗಳಕ್ಕ ನಿಲ್ತೀನಿ.

ಆಗ ಕಾಲುವಿ ಬಂದು ಎಂಟ್ಹತ್ತು ವರ್ಷ ಆಗಿತ್ತು. ಜ್ವಾಳ, ತೊಗರಿ ಬೆಳೀತಿದ್ದ ಕರಿ ಹೊಲಗೋಳು ನೋಡ್ತ ನೋಡ್ತ ಗದ್ದಿ ಆದವು. ಎತ್ತು ಕಟ್ಟೋ ಜಾಗದಾಗ ಟ್ರ್ಯಾಕ್ಟರ್ ಬಂದು ನಿಂತವು. ತಂದವ್ರಿಗಿ ಅದನ್ನ ಓಡಸಾಕ ಬರ್ತಿತ್ತೇ ಹೊರತು ಸಂಭಾಳಸಾಕ ಬರ್ತಿರಲಿಲ್ಲ. ಎತ್ತಿನ ಕಾಲು ನೊಂದ್ರ ಎತ್ತು ಕುಂಟತದ, ಕಂಡವಗೆಲ್ಲ ತಿಳೀತದ. ಕಬ್ಬಿಣ ಹಂಗಲ್ಲ, ಮುರಿಯೋ ತನಕ ಸುಮ್ಮನ ಇರ್ತದ. ಎಲ್ಲಿ ಸಡಿಲ ಆಗ್ಯಾದ, ಇನ್ನ ಎಷ್ಟು ದಿನ ತಾಳತದ ಅನ್ನೋದನ್ನ ಅಮಾತೆಪ್ಪ ಒಮ್ಮಿ ಕುಂತು ನೋಡಿದ್ರ ಹೇಳಿಬಿಡ್ತಿದ್ದ.

ಅವಗ ಈ ಕೆಲಸ ಕಲಿಸಿದವ ಸುರಪುರದ ಸಿಕಂದರ ಉಸ್ತಾದ. ಉಸ್ತಾದ ತೀರಿಕೊಂಡು ಮೂರು ವರ್ಷ ಆಗಿತ್ತು. ಅಂಗಡ್ಯಾಗ ಸಿಗೋ ಹತ್ಯಾರ ಕೊಳ್ಳೋ ತಾಕತ್ತು ಗುರುವಿಗೂ ಇರಲಿಲ್ಲ, ಶಿಷ್ಯಗೂ ಇರಲಿಲ್ಲ, ಅದಕ್ಕ ಹತ್ಯಾರ ತಾವೇ ಹುಟ್ಟಸ್ತಿದ್ರು. ಒಂದು ಗಟ್ಟಿ ಹಳಿ ಬೋಲ್ಟು ತಗೊಂಡು, ಮೂರುಮೂಲಿ ಅರದಿಂದ ಅದರ ಉದ್ದಕ್ಕ ಮೂರು ಗೀರು ಕೊರದು, ಇದ್ದಲಿಯೊಳಗ ಕೆಂಪಗ ಕಾಸಿ, ಕರಿ ಎಣ್ಣಿಯೊಳಗ ಚುಂಯ್ ಅನಿಸಿ ತಗದ್ರ ಆಯ್ತು, ಕಬ್ಬಿಣ ಕೊರಿಯೋ ಹತ್ಯಾರ ತಯಾರು. ಸವೆದ ತೂತನ್ನ ಕೈಬೈರಿಗಿಯಿಂದ ಒಂದು ಎಳ್ಳಿನಷ್ಟು ದೊಡ್ಡದು ಮಾಡೋದು. ಕುಸುಬಿ ಎಣ್ಣಿ ಬಿಟ್ಟು, ಆ ಹತ್ಯಾರನ್ನ ಅರ್ಧ ಸುತ್ತು ಮುಂದ, ಕಾಲು ಸುತ್ತು ಹಿಂದ ತಿರುವಿ ಒಳಗ ಹೊಸ ಸುತ್ತು ಕೊರಿಯೋದು. ಹಿಂಗ ಕೊರದ ಸುತ್ತುಗಳಿಗಿ ಆ ಕಡಿ ಚೂಡಿ ಅಂತಾರ. ಆಮ್ಯಾಲೆ ಸೈಕಲ್ ಬ್ರೇಕಿನ ಸ್ಪ್ರಿಂಗ್ ತಂತಿ ಬಿಚ್ಚಿ, ಒಂದು ಬೋಲ್ಟಿಗಿ ಒತ್ತಾಗಿ ಸುತ್ತಿ, ಆ ಸುರುಳಿನ ಹೊಸ ಚೂಡಿಯೊಳಗ ತಿರುವಿ ಕೂಡಸೋದು. ಸವೆದ ತೂತಿನ ಒಳಗ ಉಕ್ಕಿನ ಚೂಡಿ ಬಂದು ಕುಂತಂಗ ಆಗ್ತಿತ್ತು. ಹೊಸ ತೂತಿಗಿಂತ ಗಟ್ಟಿ.

ಆದ್ರ ಒಂದು ಶರತ್ತು ಇತ್ತು. ಹಿಂಗ ಕೂಡಸಿದ ಬೋಲ್ಟು ಮೊದಲನೇ ದಿನ ಹೊರಿ ಹೊತ್ತ ಮ್ಯಾಲೆ ಒಂದು ಕೂದಲೆಳಿಯಷ್ಟು ಸಡಿಲ ಆಗೇ ಆಗ್ತದ, ಯಾಕಂದ್ರ ತಂತಿ ತನ್ನ ಜಾಗದಾಗ ಸರಿಯಾಗಿ ಕೂಡೋದು ಹೊರಿ ಬಿದ್ದಾಗಲೇ. ಮರುದಿನ ಇನ್ನೊಮ್ಮಿ ಬಿಗೀಬೇಕು. ಎರಡು ಎಳತ, ಅಷ್ಟೇ. ಆ ಎರಡು ಎಳತ ಎಳೆದ್ರ ಟ್ರಾಲಿ ತುಕ್ಕು ಹಿಡದು ಹೋದ್ರೂ ಬೋಲ್ಟು ಹೋಗೂದಿಲ್ಲ. ಎಳೀದಿದ್ರ ಏನಾಗ್ತದ ಅಂತ ಕೇಳಿದವ್ರಿಗಿ ಉಸ್ತಾದ ಬೈದು ಕಳಸ್ತಿದ್ದ.

ಅಮಾಸಿ ದಿನ ಮಾತ್ರ ಅಮಾತೆಪ್ಪ ಕಬ್ಬಿಣ ಮುಟ್ತಿರಲಿಲ್ಲ. ಮುಂಜಾನೆದ್ದು ಹತ್ಯಾರ ಎಲ್ಲ ತೊಳದು, ಹಲಗಿ ಮ್ಯಾಲೆ ಸಾಲಾಗಿ ಇಟ್ಟು, ವಿಭೂತಿ ಕುಂಕುಮ ಹಚ್ಚಿ, ಒಂದು ನಿಂಬಿಹಣ್ಣು ಇಡ್ತಿದ್ದ. ಸಂಜಿಗಿ ದೀಪ ಹಚ್ಚೋ ತನಕ ಅವು ದೇವರು. ಊರಾಗ ಎತ್ತು ಹೂಡೋರೂ ಅವತ್ತು ನೊಗ ಇಳಸ್ತಿದ್ರು, ಕಮ್ಮಾರರೂ ಕುಲುಮಿ ಆರಸ್ತಿದ್ರು, ಇವನೊಬ್ಬನ ಹುಚ್ಚೇನಲ್ಲ ಇದು. ಸಿಕಂದರ ಉಸ್ತಾದ ಮಾತ್ರ ನಗ್ತಿದ್ದ. "ಇವತ್ತು ಅಮಾಸಿ ಅಂತ ಕಬ್ಬಿಣಕ್ಕ ಹೇಳಿ ಬಂದಿಯೇನೋ" ಅಂತಿದ್ದ. ಅಮಾತೆಪ್ಪನೂ ಮೊದಮೊದಲು ಅರ್ಧ ನಂಬ್ತಿದ್ದ, ಅರ್ಧ ಬಿಡ್ತಿದ್ದ. ಶೆಡ್ಡು ಹಾಕಿದ ಮೊದಲನೇ ವರ್ಷ ಒಂದು ಅಮಾಸಿ ದಿನ ಯಾರೋ ಗಂಟು ಬಿದ್ದು ಕೆಲಸ ಮಾಡಿಸಿದ್ರು. ಬೈರಿಗಿ ಜಾರಿ ಎಡಗೈ ತೋರಬೆರಳಿನ ತುದಿ ಹೋಯ್ತು. ಹೆಣ್ತಿ ಯಂಕಮ್ಮ ಸೆರಗು ಹರದು ಕಟ್ಟಿ, ಬಸ್ಸಿನಾಗ ಶಹಾಪುರದ ದವಾಖಾನಿ ತನಕ ಅವನ ಕೈ ಎತ್ತಿ ಹಿಡಕೊಂಡು ಕುಂತಿದ್ದಳು. ಅವತ್ತಿನಿಂದ ಗಂಡಗಿಂತ ಅಕಿನೇ ಹೆಚ್ಚು ಕಟ್ಟುನಿಟ್ಟು. ಅಮಾಸಿ ದಿನ ಅವ ಸೈಕಲ್ ಚೈನಿಗಿ ಕೈ ಹಚ್ಚಿದ್ರೂ ಬೈತಿದ್ದಳು.

ಆ ವರ್ಷ ನಾಗರ ಅಮಾಸಿ ಹಿಂದಿನ ದಿನ ಹೊತ್ತು ಏರೋ ಮುಂದ ಈಶಪ್ಪ ತನ್ನ ಟ್ರ್ಯಾಕ್ಟರ್ ತಂದು ಶೆಡ್ಡಿನ ಮುಂದ ನಿಲ್ಲಿಸಿದ. ಈಶಪ್ಪ ಕಾಲುವಿ ಕೆಳಗ ಎಂಟು ಎಕರೆ ಗದ್ದಿ ಮಾಡೋ ರೈತ. ಕೆಟ್ಟವನಲ್ಲ, ಆದ್ರ ಒಂದು ಕಡಿ ನಿಲ್ಲೋ ಆಸಾಮಿ ಅಲ್ಲ, ಕುಂತಲ್ಲೂ ಕಾಲು ಅಲ್ಲಾಡಸ್ತಿದ್ದ. ಹಿಂದಿನ ಟ್ರಾಲಿಯ ಎಡಗಾಲಿ ಅಗಸಗಿತ್ತಿ ಸೊಂಟದಂಗ ಕುಣೀತಿತ್ತು. ಗಾಲಿಗಿ ಆರು ಬೋಲ್ಟು. ನಾಲ್ಕು ಗಟ್ಟಿ ಇದ್ದವು, ಎರಡರ ತೂತಿನೊಳಗ ಚೂಡಿ ಪೂರ್ತಿ ಹೋಗಿತ್ತು.

"ಗಾಲಿ ಕೂಡೋ ಹಬ್ಬೇ ಬದಲಿ ಮಾಡಬೇಕ್ರಿ ಇದು" ಅಂದ ಅಮಾತೆಪ್ಪ.

"ಯಾದಗಿರಿಗಿ ಹೋಗಿ ತರಬೇಕದು. ನಂಗೆಲ್ಲಿ ಟೈಮದ? ನೀರಿನ ಪಾಳಿ ನಿನ್ನೆ ಬಂದಾದ, ಮೂರು ದಿನ ಅಷ್ಟೇ. ಅಷ್ಟರಾಗ ನಾಟಿ ಮುಗೀಬೇಕು. ನೀ ತಂತಿ ಕೂಡಸು."

"ಕೂಡಸ್ತೀನಿ. ಆದ್ರ ನಾಳಿಗಿ ಇನ್ನೊಮ್ಮಿ ಬಿಗೀಬೇಕು. ನಾಳಿ ಅಮಾಸಿ ಅದ."

"ಅಮಾಸಿ ಎತ್ತಿಗಿ, ಟ್ರ್ಯಾಕ್ಟರಿಗಿ ಎಲ್ಲೀದು" ಅಂದ ಈಶಪ್ಪ.

ಈ ಮಾತು ಆಗಿನ ಕಾಲದಾಗ ಕಾಲುವಿ ಕೆಳಗಿನವ್ರೆಲ್ಲ ಆಡ್ತಿದ್ರು. ನೀರು ಪಂಚಾಂಗ ನೋಡಿ ಬರ್ತಿರಲಿಲ್ಲ, ತನ್ನ ಪಾಳಿ ನೋಡಿ ಬರ್ತಿತ್ತು. ಅದಕ್ಕ ಹಬ್ಬದ ದಿನವೂ ಹೋಳಿಗಿ ಬಿಟ್ಟು ಹೆಣ್ಣಮಕ್ಕಳು ಕೆಸರಿಗಿ ಇಳೀತಿದ್ರು. ಅಮಾತೆಪ್ಪ ಗಾಲಿ ಬಿಚ್ಚಿ, ಸಂಜಿ ತನಕ ಕುಂತು ಎರಡೂ ತೂತಿಗಿ ತಂತಿ ಕೂಡಸಿದ. ಬೋಲ್ಟು ತಿರುವೋ ಪಾನಾಕ್ಕ ಮೊಳದುದ್ದ ಪೈಪು ಏರಿಸಿ ಆರೂ ಬೋಲ್ಟು ಎಳದ. ಕೆಲಸ ಚಲೋ ಆಗಿತ್ತು, ಅದು ಅವಗೂ ಗೊತ್ತಿತ್ತು. ಈಶಪ್ಪ ಅವತ್ತೇ ಸಂಜಿ ಎರಡು ಸಲ ಗೊಬ್ಬರ ಹೇರಿದ. ಅಂದ್ರ ಮೊದಲನೇ ಹೊರಿ ಬಿದ್ದಿತ್ತು, ತಂತಿ ಕುಂತಿತ್ತು, ಎರಡು ಎಳತ ಮಾತ್ರ ಬಾಕಿ ಇತ್ತು.

ಮರುದಿನ ಮುಂಜಾನಿ ಮೋಡ ಎಷ್ಟು ಕೆಳಗ ಇಳದಿತ್ತಂದ್ರ ಗುಡ್ಡ ಕಾಣ್ತಿರಲಿಲ್ಲ. ಮಳಿ ಇಲ್ಲ, ಗಾಳಿ ಇಲ್ಲ. ಕಾಲುವಿ ಅಂಚಿನ ತನಕ ತುಂಬಿ, ಸಪ್ಪಳ ಇಲ್ಲದ ಹರೀತಿತ್ತು. ಅಮಾತೆಪ್ಪ ಹತ್ಯಾರ ತೊಳದು ಹಲಗಿ ಮ್ಯಾಲೆ ಇಟ್ಟು ಕುಂಕುಮ ಹಚ್ಚೋದ್ರಾಗ ಇದ್ದ, ಈಶಪ್ಪನ ಟ್ರ್ಯಾಕ್ಟರ್ ಬಂತು. ಟ್ರಾಲಿಯೊಳಗ ನಾಟಿ ಹೆಣ್ಣಮಕ್ಕಳು ಹದಿನೆಂಟು ಮಂದಿ. ಅವರ ನಡುವ ಯಂಕಮ್ಮ. ಅಕಿ ಬಾಜೂಕ ದೇವಕಮ್ಮ, ಅವರ ಓಣಿಯ ಸಾಬಣ್ಣನ ಹೆಣ್ತಿ, ಬಾಯಿ ಮುಚ್ಚಿ ಕುಂತದ್ದನ್ನ ಯಾರೂ ಕಾಣದ ಹೆಣ್ಣುಮಗಳು.

"ಏನ್ರಿ ಮಾವ, ಪಾನಾ ಸುತ್ತಿಗಿಗೆಲ್ಲ ಕುಂಕುಮ ಹಚ್ಚೀರಿ, ನಮ್ಮ ಯಂಕಮ್ಮಕ್ಕನ ಹಣಿ ನೋಡ್ರಿ, ಖಾಲಿ ಅದ" ಅಂದಳು ದೇವಕಮ್ಮ. ಟ್ರಾಲಿ ಪೂರಾ ನಕ್ಕಿತು.

ಈಶಪ್ಪ ಕೆಳಗ ಇಳೀಲಿಲ್ಲ. ಇಂಜಿನ್ ಚಾಲೂ ಇಟ್ಟೇ, "ಲಗೂನ ಎರಡು ಎಳತ ಎಳದು ಕಳಸಪ್ಪ" ಅಂದ.

ಅಮಾತೆಪ್ಪ ಗಾಲಿ ಹಂತ್ಯಾಕ ಹೋಗಿ ಕುಂತ. ಕೈ ಹಚ್ಚಲಿಲ್ಲ, ಬರೇ ನೋಡಿದ. ಬೋಲ್ಟಿನ ತಲಿ ಬುಡದಾಗ ಕೆಂಪು ಪುಡಿ ಇಳದಿತ್ತು. ಕಬ್ಬಿಣ ಕಬ್ಬಿಣಕ್ಕ ಉಜ್ಜಿದ್ರ ಬರೋ ಪುಡಿ ಅದು. ಎರಡು ಬೋಲ್ಟಿಗಲ್ಲ, ಮೂರಕ್ಕ. ಅಂದ್ರ ಬರೇ ಕೂದಲೆಳಿ ಅಲ್ಲ, ಅದಕ್ಕಿಂತ ಹೆಚ್ಚು ಸಡಿಲ ಆಗ್ಯಾವ, ಗಟ್ಟಿ ಇದ್ದವೂ ಅಲ್ಲಾಡಾಕ ಹತ್ಯಾವ. ಪಾನಾ ಐದು ಹೆಜ್ಜಿ ದೂರ ಹಲಗಿ ಮ್ಯಾಲೆ ಇತ್ತು.

ಅವ ಎದ್ದು ಹಲಗಿ ಕಡಿ ಹೊರಳಿದ. ಹೊರಳಿದ್ದನ್ನ ಯಂಕಮ್ಮ ನೋಡಿದಳು.

"ಬ್ಯಾಡ" ಅಂದಳು ಟ್ರಾಲಿಯೊಳಗಿಂದ. "ಮುಟ್ಟಬ್ಯಾಡ್ರಿ. ಒಮ್ಮಿ ಮುಟ್ಟಿ ಬೆರಳು ಕಳಕೊಂಡದ್ದು ಸಾಲದೇನು?"

ವಯಸ್ಸಾದ ಒಬ್ಬಾಕಿ, "ಅಕಿ ಹೇಳೋದು ಖರೇ ಅದ ತಮ್ಮಾ, ಇವತ್ತು ಬ್ಯಾಡ" ಅಂದಳು. ಅಮಾತೆಪ್ಪ ನಿಂತಲ್ಲೇ ನಿಂತ. ಖರೇ ಹೇಳಬೇಕಂದ್ರ ಅವಗೂ ಅಂಜಿಕಿ ಇತ್ತು. ಯಾರರ ಬ್ಯಾಡ ಅನ್ಲಿ ಅಂತ ಒಳಗೊಳಗ ಕಾಯಾಕತ್ತಿದ್ದ, ಹೆಣ್ತಿನೇ ಅಂದಳು. ಪುಡಿ ಕಂಡದ್ದನ್ನ ಅವ ಯಾರಿಗೂ ಹೇಳಲಿಲ್ಲ. ಹೇಳಿದ್ರ ಹೆಣ್ಣಮಕ್ಕಳು ಇಳೀತಿದ್ರು, ಈಶಪ್ಪನ ನಾಟಿ ನಿಲ್ತಿತ್ತು, ಎಲ್ಲಾರೂ ತನ್ನ ಮಾರಿ ನೋಡ್ತ ಕುಂದರ್ತಿದ್ರು. ಅದಕ್ಕಿಂತ ಸುಮ್ಮನಿರೋದು ಹಗುರ ಅನಿಸ್ತು.

"ಮೆಲ್ಲಕ ಹೋಗ್ರಿ" ಅಂದ ಈಶಪ್ಪಗ. "ಬರೋ ಮುಂದ ಇಲ್ಲಿ ನಿಲ್ಲಸ್ರಿ. ಅಷ್ಟರಾಗ ದೀಪ ಹಚ್ಚಿರ್ತೀನಿ, ಬಿಗದು ಕೊಡ್ತೀನಿ."

ಈಶಪ್ಪ ತಲಿ ಕುಣಿಸಿ ಗೇರ್ ಹಾಕಿದ. ಟ್ರಾಲಿ ಸೇತುವಿ ಹಂತ್ಯಾಕ ಹೊರಳಿ ಕಾಲುವಿ ದಂಡಿ ಮ್ಯಾಲಿನ ಮಣ್ಣ ರಸ್ತಾ ಹಿಡೀತು. ಎಡಗಾಲಿ ಈಗ ಹೊಲದ ಕಡಿ ಇತ್ತು, ತಿರುಗಿ ಬರೋ ಮುಂದ ನೀರಿನ ಕಡಿಗೇ ಬರ್ತಿತ್ತು.

ಆ ದಿನ ಅಮಾತೆಪ್ಪ ಹೆಂಗ ಕಳದ ಅನ್ನೋದು ಅವಗೇ ಗೊತ್ತು. ಮನಿಗಿ ಹೋಗಿ ಯಂಕಮ್ಮ ಮುಚ್ಚಿಟ್ಟು ಹೋದ ರೊಟ್ಟಿ ಮುರದ, ಎರಡು ತುತ್ತು ತಿಂದು ಕೈ ತೊಳಕೊಂಡ. ತಿರುಗಿ ಶೆಡ್ಡಿಗಿ ಬಂದ. ಹೋಗೋ ಮುಂದ ಏನೂ ಆಗೂದಿಲ್ಲ, ಟ್ರಾಲಿ ಹಗುರ ಅದ, ಅಂತ ತನಗ ತಾನೇ ಹೇಳಿಕೊಂಡ. ಬರೋ ಮುಂದ ಏನು ಹೇರತಾರ? ಉಳಿದ ಸಸಿ ಹೇರಬೌದು. ತೊಯ್ದ ಸಸಿ ಸಿವುಡು ಕಲ್ಲಿನಷ್ಟು ಭಾರ. ಮ್ಯಾಲೆ ಹದಿನೆಂಟು ಮಂದಿ. ಮೂರು ಬೋಲ್ಟು ಸಡಿಲ ಇದ್ರ ಉಳಿದ ಮೂರರ ಮ್ಯಾಲೆ ಹೊರಿ. ಆ ಮೂರೂ ಎಷ್ಟು ತಾಳತಾವ ಅಂತ ಲೆಕ್ಕ ಹಾಕಾಕ ಹೋಗಿ ನಡುವ ಬಿಟ್ಟ. ಆ ಲೆಕ್ಕ ಅವನಷ್ಟು ಚಲೋ ಬಲ್ಲವ್ರು ಯಾರಿದ್ರು? ಅದಕ್ಕೇ ಬಿಟ್ಟ.

ಮಧ್ಯಾಹ್ನ ಆದ್ರೂ ಬಿಸಲು ಬೀಳಲಿಲ್ಲ. ರಸ್ತಾ ಮ್ಯಾಲೆ ಒಂದು ಬಸ್ಸು ಹೋಯ್ತು, ಆಮ್ಯಾಲೆ ಮಂದಿನೇ ಇಲ್ಲ, ಹಬ್ಬಕ್ಕ ಎಲ್ಲಾರೂ ಮನಿ ಹಿಡದಿದ್ರು. ಅವ ನಾಲ್ಕು ಸಲ ಎದ್ದು ಸೇತುವಿ ತನಕ ಹೋಗಿ, ಕಾಲುವಿ ದಂಡಿ ಮ್ಯಾಲೆ ದೂರ ನೋಡಿ ಬಂದ. ನೀರು ಅಷ್ಟೇ ತುಂಬಿ, ಅಷ್ಟೇ ಸುಮ್ಮನ ಹೊಂಟಿತ್ತು. ಒಂದು ಸಲ ಹಲಗಿ ಮುಂದ ಕುಂತು ಕೈ ಜೋಡಸಿದ. ಏನು ಬೇಡಬೇಕು ಅಂತ ತಿಳೀಲಿಲ್ಲ. ಬೇಡಬೇಕಾದ್ದು ತನ್ನ ಕೈಯಾಗೇ ಇದ್ದಾಗ ದೇವರಿಗಿ ಏನಂತ ಹೇಳೋದು?

ನಾಲ್ಕು ಗಂಟೆ ಸುಮಾರಿಗಿ ಹನಿ ಬೀಳಾಕ ಶುರು ಆತು. ಮಳಿ ಬಂದ್ರ ನಾಟಿ ಲಗೂ ಬಿಡ್ತಾರ, ಈಶಪ್ಪ ಹಸಿ ಮಣ್ಣಿನ ಮ್ಯಾಲೆ ಜೋರು ಹೊಡೀತಾನ. ಅಮಾತೆಪ್ಪ ಒಮ್ಮೆಲೇ ಎದ್ದ. ದೀಪ ಹಚ್ಚಲಿಲ್ಲ. ಹಲಗಿ ಮ್ಯಾಲಿನ ಪಾನಾ, ಪೈಪು ಎತ್ತಿಕೊಂಡ. ಕುಂಕುಮ ಅಂಗೈಗಿ ಹತ್ತಿತು. "ಹೋದ್ರ ಇನ್ನೊಂದು ಬೆರಳು ಹೋಗ್ಲಿ" ಅಂತ ಬಾಯಿ ಬಿಟ್ಟೇ ಅಂದ, ಕೇಳೋರು ಯಾರೂ ಇರಲಿಲ್ಲ. ಸೈಕಲ್ ಏರಿ ಕಾಲುವಿ ದಂಡಿ ಹಿಡದ.

ಮೂರು ಕಿಲೋಮೀಟರ್ ಹೋಗೋದ್ರಾಗ ಅವಗ ಮೊದಲು ಕಂಡದ್ದು ಟ್ರ್ಯಾಕ್ಟರ್. ಆ ಕಡಿ ಮಳಿ ಮೊದಲೇ ಬಂದಿತ್ತು, ನಾಟಿ ಬಿಟ್ಟು ತಿರುಗಿ ಹೊಂಟಿದ್ದು ರಸ್ತಾಕ್ಕ ಅಡ್ಡ ನಿಂತಿತ್ತು. ಹಿಂದ ಟ್ರಾಲಿ ಇರಲಿಲ್ಲ ಅಂತ ಅನಿಸ್ತು, ಹಂತ್ಯಾಕ ಹೋದ ಮ್ಯಾಲೆ ಕಾಣ್ತು, ಕಾಲುವಿ ಇಳಿಜಾರಿನಾಗ ಹೊರಳಿ ಬಿದ್ದಿತ್ತು, ಅರ್ಧ ನೀರಾಗ. ದಂಡಿ ಮ್ಯಾಲೆ ಹೆಣ್ಣಮಕ್ಕಳು ತೊಯ್ದು ಒಬ್ಬರಿಗೊಬ್ಬರು ಅಂಟಿ ಕುಂತಿದ್ರು. ಕೆಲವರ ಮೈಮ್ಯಾಲೆ ಸೀರಿ ಇರಲಿಲ್ಲ. ಕಾಲುವಿ ಬದಿಗಿ ಹಾಸಿದ ಕಲ್ಲಿಗಿ ಪಾಚಿ ಕಟ್ಟಿರ್ತದ, ಬಿದ್ದವ್ರಿಗಿ ಹತ್ತಾಕ ಬರೂದಿಲ್ಲ. ಮ್ಯಾಲೆ ಉಳಿದವ್ರು ಸೀರಿ ಬಿಚ್ಚಿ ಗಂಟು ಹಾಕಿ, ನೀರಿಗಿ ಬಿಟ್ಟು, ಒಬ್ಬೊಬ್ಬರನ್ನೇ ಎಳದಿದ್ರು. ಈಶಪ್ಪ ಮೊಣಕಾಲ ತನಕ ನೀರಾಗ ನಿಂತು ಏನೋ ಒದರಾಕತ್ತಿದ್ದ, ಮಾತು ತಿಳೀತಿರಲಿಲ್ಲ.

ಯಂಕಮ್ಮ ಇದ್ದಳು. ಬರೇ ಲಂಗ ಕುಪ್ಪಸದಾಗ ಕುಂತು, ಬೆರಳು ಮಡಚಿ ಮಡಚಿ ಮಂದಿ ಎಣಸಾಕತ್ತಿದ್ದಳು. ಅಕಿನ್ನ ಜೀವಂತ ಕಂಡ ಕೂಡ್ಲೆ ಅಮಾತೆಪ್ಪನ ಸೈಕಲ್ ಕೈಬಿಟ್ಟು ಕೆಳಗ ಬಿತ್ತು. ಅಕಿ ಗಂಡನ್ನ ನೋಡಲಿಲ್ಲ. ಹದಿನೇಳಕ್ಕ ನಿಂತಳು. ಮತ್ತ ಮೊದಲಿಂದ ಎಣಸಿದಳು. ಹದಿನೇಳು.

"ದೇವಕಿ ಎಲ್ಲಿ?" ಅಂದಳು.

ದೇವಕಮ್ಮ ಸಿಕ್ಕದ್ದು ಮರುದಿನ ಮುಂಜಾನಿ, ಎರಡು ಮೈಲು ಕೆಳಗ, ಮುಂದಿನ ತೂಬಿನ ಗೇಟಿನ ಹಂತ್ಯಾಕ.

ಆದ್ರ ಅವತ್ತು ಸಂಜಿ, ಜನ ಸೇರಿ ನೀರಾಗ ಹುಡಕಾಕತ್ತಿದಾಗ, ಅಮಾತೆಪ್ಪ ಇಳಿಜಾರಿನಾಗ ಜಾರಿಕೊಂತ ಟ್ರಾಲಿ ಹಂತ್ಯಾಕ ಹೋದ. ಗಾಲಿ ಇರಲಿಲ್ಲ. ಹಬ್ಬಿನ ಆರು ತೂತಿನೊಳಗ ಮೂರರಾಗ ಬೋಲ್ಟು ತುಂಡಾಗಿ ಒಳಗ ಉಳದಿದ್ದವು. ಉಳಿದ ಮೂರು ಖಾಲಿ. ಅವ ಕೂಡಸಿದ ಎರಡು ತೂತಿನೊಳಗ ಬೆರಳು ಹಾಕಿ ನೋಡಿದ. ತಂತಿ ಚೂಡಿ ಒಂದು ಸುತ್ತೂ ಹರದಿರಲಿಲ್ಲ. ನಿನ್ನೆ ಹೆಂಗ ಕೂಡಸಿದ್ನೋ ಹಂಗೇ ಇತ್ತು, ಗಟ್ಟಿ, ನುಣ್ಣಗ. ಬೋಲ್ಟು ಕಿತ್ತು ಬಂದಿರಲಿಲ್ಲ, ತಾನೇ ತಿರಿಗಿ ತಿರಿಗಿ ಬಿಚ್ಚಿಕೊಂಡು ಹೋಗಿತ್ತು. ಅವನ ಕೆಲಸದಾಗ ಒಂದು ಐಬು ಇರಲಿಲ್ಲ. ಎರಡು ಎಳತ ಇರಲಿಲ್ಲ, ಅಷ್ಟೇ. ಅಲ್ಲೇ ಕೆಸರಾಗ ಕುಂತು ಅವ ಅತ್ತ. ಹೆಂಗ ಅತ್ತ ಅಂದ್ರ ನೀರಾಗ ಹುಡಕೋರು ಹೊರಳಿ ನೋಡಿದ್ರು.

ಆಮ್ಯಾಲೆ ಊರು ಮಾತಾಡ್ತು. ಮಾತಾಡದ ಬಿಡ್ತದೇನು? ಅಮಾಸಿ ದಿನ ಕಬ್ಬಿಣದ ಗಾಡಿ ಹೊಡದು ಈಶಪ್ಪ ಒಂದು ಜೀವ ತಿಂದ ಅಂದ್ರು. ಎತ್ತಿನವ್ರು ಬುದ್ಧಿವಂತರು, ನೊಗ ಇಳಿಸಿದ್ರು ಅಂದ್ರು. ಪೊಲೀಸರು ಬಂದು ಗಾಲಿ ಸವೆದಿತ್ತು ಅಂತ ಬರಕೊಂಡು ಹೋದ್ರು. ಈಶಪ್ಪ ಟ್ರ್ಯಾಕ್ಟರ್ ಮಾರಿದ, ಮಂದಿಗಿ ಮಾರಿ ತಪ್ಪಿಸಿಕೊಂಡು ತಿರಗಾಕತ್ತಿದ. ಅಮಾತೆಪ್ಪನ ಮಾತು ಬಂದಾಗ ಮಾತ್ರ ಎಲ್ಲಾರ ದನಿ ಬದಲಾಗ್ತಿತ್ತು. ಅವ ಮುಟ್ಟಲಿಲ್ಲ ನೋಡು, ಅಷ್ಟು ಒತ್ತಾಯ ಮಾಡಿದ್ರೂ ಮುಟ್ಟಲಿಲ್ಲ, ಅದಕ್ಕ ಅವನ ಹೆಣ್ತಿ ಉಳದಳು ಅಂತಿದ್ರು. ಬಾವಿ ಕಟ್ಟಿ ಮ್ಯಾಲೆ ಹೆಣ್ಣಮಕ್ಕಳು ಯಂಕಮ್ಮಗ ಇದನ್ನ ಮಾರಿ ಮುಂದೇ ಹೇಳ್ತಿದ್ರು. ಅಕಿ ಕೊಡ ತುಂಬಿಕೊಂಡು ಬಂದುಬಿಡ್ತಿದ್ದಳು. ಮನ್ಯಾಗ ಗಂಡ ಹೆಣ್ತಿ ಆ ಮುಂಜಾನಿ ಮಾತು ಎತ್ತಲಿಲ್ಲ. ಒಂದು ದಿನ ಮಾತ್ರ ರೊಟ್ಟಿ ಬಡಿಯೋದು ನಿಲ್ಲಿಸಿ ಯಂಕಮ್ಮ, "ಸಡಿಲ ಇತ್ತೇನ್ರಿ ಅವತ್ತು?" ಅಂತ ಕೇಳಿದಳು. ಅವ "ಇತ್ತು" ಅಂದ. ಅಕಿ ತಿರುಗಿ ರೊಟ್ಟಿ ಬಡಿಯಾಕತ್ತಿದಳು.

ಹನ್ನೊಂದನೇ ದಿನದ ಕಾರ್ಯಕ್ಕ ಅಮಾತೆಪ್ಪ ಸಾಬಣ್ಣನ ಮನಿಗಿ ಹೋದ. ಸಾಬಣ್ಣ ಕೂಲಿ ಮಾಡೋ ಮನಷ್ಯಾ, ಮೆತ್ತನ್ನ ಸ್ವಭಾವ, ಹೆಣ್ತಿ ಮಾತಾಡ್ತಿದ್ರ ತಾನು ನಗ್ತ ಕೂಡೋ ಪೈಕಿ. ಹನ್ನೊಂದು ದಿನದಾಗ ಸೊರಗಿ ಹೋಗಿದ್ದ. ಮಂದಿ ಊಟಕ್ಕ ಕುಂತಿದ್ದಾಗ ಅವ ಅಮಾತೆಪ್ಪನ್ನ ಹಿತ್ತಲಕ್ಕ ಕರಕೊಂಡು ಹೋಗಿ ಎರಡೂ ಕೈ ಹಿಡಕೊಂಡ.

"ಅಣ್ಣಾ, ನೀ ಒಬ್ಬವ ನೇಮ ಬಿಡಲಿಲ್ಲ. ನಾವೇ ಬಿಟ್ಟಿವಿ. ಅಮಾಸಿ ದಿನ ಅಕಿನ್ನ ಕಳಸಬಾರದಿತ್ತು. ನಾನೇ ಕಳಿಸಿದೆ. ನಂದೇ ತಪ್ಪು" ಅಂದ. ಕಣ್ಣಾಗ ನೀರಿತ್ತು.

ಅಮಾತೆಪ್ಪಗ ಅಲ್ಲೇ ತಲಿ ಬಗ್ಗಿಸಿ ಹೂಂ ಅಂದು ಬಂದುಬಿಡಬೌದಿತ್ತು. ಊರು ಪೂರಾ ಅವನ ಕಡಿ ಇತ್ತು. ಆದ್ರ ಸತ್ತಾಕಿ ಗಂಡ, ಏನೂ ಅರೀದ ಮನಷ್ಯಾ, ಇವನ ಪಾಪ ತಾನು ಹೊತ್ತುಕೊಂಡು ನಿಂತಾನ. ಅದನ್ನ ನೋಡಿಕೊಂತ ಸುಮ್ಮನಿರೋದು ಅವಗ ಆಗಲಿಲ್ಲ.

"ನಿಂದಲ್ಲೋ ತಪ್ಪು" ಅಂದ. "ನಾ ನೋಡಿದ್ನಿ. ಕೆಂಪು ಪುಡಿ ಇಳದಿತ್ತು. ಗಾಲಿ ಹೋಗ್ತದ ಅಂತ ನಂಗ ಗೊತ್ತಿತ್ತು. ಎರಡು ಎಳತ ಎಳದಿದ್ರ ದೇವಕಿ ಇವತ್ತು ಇರ್ತಿದ್ಳು. ಪಾನಾ ಐದು ಹೆಜ್ಜಿ ದೂರ ಇತ್ತು. ನನ್ನ ಬೆರಳಿಗಿ ಅಂಜಿ ನಾ ಸುಮ್ಮನ ನಿಂತೆ. ಬಾಯಿ ಬಿಟ್ಟು ಹೇಳಿದ್ರೂ ಇಳೀತಿದ್ರು. ಹೇಳಲಿಲ್ಲ."

ಸಾಬಣ್ಣ ಅವನ ಕೈ ಹಿಡದೇ ಇದ್ದ. ತಿಳೀದವನಂಗ ಅವನ ಮಾರಿನೇ ನೋಡಿದ. ಆಮ್ಯಾಲೆ ತಿಳೀತು. ಮೆಲ್ಲಕ, ಬಿಸಿ ಭಾಂಡಿ ಕೆಳಗ ಇಟ್ಟಂಗ, ಕೈ ಬಿಟ್ಟ.

"ಮನಿಗಿ ಹೋಗಣ್ಣಾ" ಅಂದ.

ಅಮಾತೆಪ್ಪ ಮನಿಗಿ ಬಂದು ಬಾಗಿಲದಾಗ ಕುಂತ. ಸಾಬಣ್ಣ ಅಣ್ಣತಮ್ಮಂದಿರನ್ನ ಕರಕೊಂಡು ಬರ್ತಾನ, ಊರ ಮುಂದ ನಿಲ್ಲಿಸಿ ಕೇಳ್ತಾನ, ಬಡೀತಾನ, ಬಡೀಲಿ ಅಂತ ಕಾಯ್ದ. ಅವತ್ತು ಬರಲಿಲ್ಲ. ಮರುದಿನ ಬರಲಿಲ್ಲ. ತಿಂಗಳಾತು, ವರ್ಷಾತು. ಸಾಬಣ್ಣ ಆ ಮಾತು ಒಬ್ಬರ ಮುಂದೂ ಆಡಲಿಲ್ಲ, ಅಮಾತೆಪ್ಪನ ಕೂಡ ಮಾತ್ರ ಮತ್ತ ಎಂದೂ ಮಾತಾಡಲಿಲ್ಲ. ಎದುರಿಗಿ ಬಂದ್ರ ರಸ್ತಾ ಬಿಟ್ಟು ಆಚಿ ಬದಿ ಹೋಗ್ತಿದ್ದ. ಅದನ್ನ ನೋಡಿದ ಮಂದಿ, ಹೆಣ್ತಿ ಹೋದ ಮ್ಯಾಲೆ ಸಾಬಣ್ಣನ ತಲಿ ನೆಟ್ಟಗಿಲ್ಲ, ಅಂಥ ನೇಮಸ್ಥ ಮನಷ್ಯಾನ ಕಂಡ್ರೂ ಮಾರಿ ತಿರವತಾನ ಅಂತ ಅಮಾತೆಪ್ಪಗೇ ಬಂದು ಹೇಳ್ತಿದ್ರು. ಅಮಾತೆಪ್ಪ ಕೇಳಿಸಿಕೊಂಡು ಪಾನಾ ತಿರುವತ ಕೂಡ್ತಿದ್ದ. ಸಾಬಣ್ಣ ಅವತ್ತೇ ಬಂದು ನಾಲ್ಕು ಮಂದಿ ಮುಂದ ಬಡದಿದ್ರ ಚಲೋ ಇತ್ತು ಅಂತ ಅವಗ ದಿನಾ ಅನಸ್ತಿತ್ತು.